ಉಲ್ಲೇಖದ ಮುಯ್ಯಿ

ಮದ್ದೂರು–ಮಳವಳ್ಳಿ ರಸ್ತೆಯಲ್ಲಿರುವ ನಮ್ಮ ವಿಶ್ವವಿದ್ಯಾಲಯವು ಕಳೆದ ಸಾಲಿನ ರ‍್ಯಾಂಕಿಂಗ್‌ನಲ್ಲಿ ಇನ್ನೂರ ಹನ್ನೊಂದನೇ ಸ್ಥಾನಕ್ಕೆ ಇಳಿಯಲು ಇತಿಹಾಸ ವಿಭಾಗವೇ ಕಾರಣವೆಂದು ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಸಮಿತಿಯಲ್ಲಿ ಇತಿಹಾಸದವರು ಯಾರೂ ಇರಲಿಲ್ಲವಾದ್ದರಿಂದ ಸಭೆ ಕಾಫಿಗೆ ಮುಂಚೆಯೇ ಮುಗಿಯಿತು. ನಡಾವಳಿ ಬರೆದವನು ನಾನೇ. ಕುಲಸಚಿವರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ.

ರ‍್ಯಾಂಕಿಂಗ್‌ನವರಿಗೆ ಬೇಕಾದದ್ದು ಒಂದೇ: ನಿಮ್ಮ ಬರಹವನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ? ವಿಭಾಗದ ಮುಖ್ಯಸ್ಥೆಯೂ ಏಕೈಕ ಅಧ್ಯಾಪಕಿಯೂ ಆದ ಅರುಂಧತಿಯವರು ಕೊತ್ತತ್ತಿಯಲ್ಲಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಚಿಕ್ಕಬೋರಯ್ಯನವರ ಹಿಂದೆ ಆರು ವರ್ಷ ನಾಲೆ ಏರಿಯ ಮೇಲೆ ನಡೆದು, ಯಾರ ಗದ್ದೆಗೆ ಯಾವ ಕಾಲದಲ್ಲಿ ಯಾಕೆ ನೀರು ಹೋಯಿತು, ಯಾಕೆ ಹೋಗಲಿಲ್ಲ ಎಂದು ಕನ್ನಡದಲ್ಲಿ ಒಂದು ಪುಸ್ತಕ ಬರೆದಿದ್ದರು. ಅದನ್ನು ಓದಿ ಕೊತ್ತತ್ತಿಯಲ್ಲಿ ಎರಡು ಹಳೇ ಜಗಳ ತೀರಿದ್ದವು. ಉಲ್ಲೇಖ ಮಾತ್ರ ಸೊನ್ನೆ. ಮಾರ್ಚ್ ಒಳಗೆ ನೂರು ಉಲ್ಲೇಖ ಬಾರದಿದ್ದರೆ ವಿಭಾಗ ಮುಚ್ಚಿ, ಕೊಠಡಿಯನ್ನು ರ‍್ಯಾಂಕಿಂಗ್ ಕೋಶಕ್ಕೆ ವಹಿಸಲಾಗುವುದೆಂದು ನೋಟೀಸು ಹೋಯಿತು.

ದಾರಿ ತೋರಿಸಿದವನು ಅಟೆಂಡರ್ ಹೊನ್ನಯ್ಯ. ಮಳವಳ್ಳಿ ಸುತ್ತಿನ ಮದುವೆಗಳಲ್ಲಿ ಮೂವತ್ತು ವರ್ಷದಿಂದ ಮುಯ್ಯಿ, ಅಂದರೆ ಮುಂದೆ ಹಿಂದಿರುಗಿಸಬೇಕಾದ ಉಡುಗೊರೆಯ ಲೆಕ್ಕ, ಬರೆಯುವ ಅನುಭವಸ್ಥ.

"ನೀವು ಯಾರ್ ಮದ್ವೆಗೂ ಓಗಾಕಿಲ್ಲ, ಯಾರ‍್ಗೂ ಮುಯ್ಯಿ ಮಾಡಾಕಿಲ್ಲ. ನಿಮ್ಮನೆ ಮದ್ವೆಗೆ ಮುಯ್ಯಿ ಬಾ ಅಂದ್ರೆ ಎಲ್ಲಿಂದ ಬಂದದು ಮೇಡಮ್ಮೋರೆ?" ಎಂದು ಅರುಂಧತಿಯವರಿಗೆ ಹೇಳಿದ.

ಸಮಿತಿಗೆ ಇದು ವೈಜ್ಞಾನಿಕವೆನಿಸಿತು. ಕೂಡಲೇ ಸುತ್ತೋಲೆ ಹೊರಟಿತು: "ಉಲ್ಲೇಖವನ್ನು ಊಟಕ್ಕೆ ಮೊದಲು ಬರೆಸತಕ್ಕದ್ದು. ಪಡೆದವರು ವರ್ಷದೊಳಗೆ ಒಂದು ಹೆಚ್ಚಿಗೆ ಸೇರಿಸಿ ಹಿಂದಿರುಗಿಸತಕ್ಕದ್ದು. ಸ್ವಂತ ಪ್ರಬಂಧವಿಲ್ಲದವರು ಹಿಂದಿರುಗಿಸಲಾರರಾದ್ದರಿಂದ ಅಂಥವರನ್ನು ಯಾರೂ ಉಲ್ಲೇಖಿಸತಕ್ಕದ್ದಲ್ಲ."

ಅರುಂಧತಿಯವರ ವಿಭಾಗದ ವಿಚಾರ ಸಂಕಿರಣದ ದಿನ ಸಭಾಂಗಣದ ಬಾಗಿಲಲ್ಲಿ ಮೇಜು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಮುಯ್ಯಿ ಪುಸ್ತಕ, ತಟ್ಟೆಯಲ್ಲಿ ಎಲೆ ಅಡಿಕೆ, ಒಂದು ಮೈಕು. "ರೇಷ್ಮೆ ವಿಭಾಗದ ನಾಗೇಶ್ ಅವರ್ದು ಮೂರು ಉಲ್ಲೇಖ!" ಎಂದು ಹೊನ್ನಯ್ಯ ಕೂಗಿದ್ದೇ ತಡ, ಹಿಂದೆ ನಿಂತಿದ್ದ ದಂತವೈದ್ಯ ರಘುನಂದನ್ ಮರ್ಯಾದೆ ಪ್ರಶ್ನೆಯಾಗಿ ತಮ್ಮ ಎರಡನ್ನು ಐದು ಮಾಡಿಸಿದರು. ಹಲ್ಲುಜ್ಜಿದ ಮೇಲೆ ಬಾಯಿ ಮುಕ್ಕಳಿಸಲು ನೀರು ಬೇಕೆಂದು ಅರುಂಧತಿಯವರು ಸಾಬೀತುಪಡಿಸಿರುವುದಾಗಿ ಆಮೇಲೆ ಐದು ಕಡೆ ಬರೆದರು. ಮಾರ್ಚ್ ಹೊತ್ತಿಗೆ ನೂರ ನಾಲ್ಕು ಉಲ್ಲೇಖಗಳಾಗಿ ವಿಭಾಗ ಉಳಿಯಿತು. ನನಗೆ ನಿಜಕ್ಕೂ ಸಂತೋಷವಾಯಿತು.

ಈಗ ಹಿಂದಿರುಗಿಸುವ ಸರದಿ. ಅರುಂಧತಿಯವರ ಪುಸ್ತಕದ ಎರಡನೇ ಮುದ್ರಣದಲ್ಲಿ ಕೊತ್ತತ್ತಿಯ ನಾಲೆಯು ವಸಡಿನ ಊತ, ರೇಷ್ಮೆಹುಳುವಿನ ಭೇದಿ ಇತ್ಯಾದಿಗಳನ್ನು ಬಳಸಿಕೊಂಡು ಹರಿಯಿತು. ಸುತ್ತೋಲೆಯಂತೆ ಚಿಕ್ಕಬೋರಯ್ಯನವರ ಹೆಸರನ್ನು ನಲವತ್ತಮೂರು ಕಡೆ ತೆಗೆಯಬೇಕಾಯಿತು.

"ಇದರಲ್ಲಿರೋದೆಲ್ಲ ಅವರು ಹೇಳಿದ್ದೇ ಸಾರ್," ಎಂದರು ಅರುಂಧತಿ. ಕಣ್ಣು ತುಂಬಿತ್ತು.

"ಅವರದೊಂದು ಪ್ರಬಂಧ ತನ್ನಿ ಮೇಡಂ, ಸೇರಿಸೋಣ," ಎಂದೆ.

ಅವರು ಒಪ್ಪಿದರು ಎನ್ನಲಾರೆ, ಸಹಿ ಹಾಕಿದರು.

ಬಿಡುಗಡೆಯ ದಿನ ಚಿಕ್ಕಬೋರಯ್ಯನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ಬಸ್ಸು ಬದಲಾಯಿಸಿ ಬಂದರು. ಪುಸ್ತಕವನ್ನು ಮೊದಲಿಂದ ಕೊನೆವರೆಗೆ ತಿರುವಿದರು. ಮತ್ತೊಮ್ಮೆ ತಿರುವಿದರು.

"ನನ್ನೆಸ್ರು ಎಲ್ಲವ್ವಾ?"

ಅರುಂಧತಿಯವರ ಬದಲಿಗೆ ಹೊನ್ನಯ್ಯನೇ ಮುಯ್ಯಿ ಪುಸ್ತಕ ಬಿಚ್ಚಿ ಮುಂದಿಟ್ಟ. "ನೀನೇನ್ ಬರ‍್ಸಿದ್ದೀಯಾ ನೋಡ್ಲಾ ಬೋರ. ಒಂದೂ ಇಲ್ಲ."

"ಅಂಗಾರೆ ಈಗ ಬರ್ಕೊ. ಅವ್ವ ಬರ‍್ದಿರೋದೆಲ್ಲ ದಿಟ, ನೀರು ಬುಟ್ಟೋನು ನಾನೇಯ ಅಂತ."

"ದಿಟಕ್ಕೆ ಇದ್ರಲ್ಲಿ ಕಾಲಂ ಇಲ್ಲ ಕಣ್ಲಾ."

ಚಿಕ್ಕಬೋರಯ್ಯನವರು ಮುಯ್ಯಿ ಪುಸ್ತಕ ಮುಚ್ಚಿದರು. "ಔದು ಬುಡು. ಮುಯ್ಯಿ ಅಂದ್ಮೇಲೆ ಮುಯ್ಯಿನೇಯ," ಎಂದು ಎದ್ದರು.

ಊಟ ಮಾಡಿಕೊಂಡು ಹೋಗಿ ಎಂದು ಅರುಂಧತಿ ಅವರ ಕೈ ಹಿಡಿದುಕೊಂಡರು.

"ಮುಯ್ಯಿ ಬರ‍್ಸ್ದೆ ಎಂಗವ್ವ ಉಣ್ಲಿ?" ಎಂದು ಮೆಲ್ಲಗೆ ಕೈ ಬಿಡಿಸಿಕೊಂಡು ಅವರು ಬಸ್ಸಿಗೆ ಹೊರಟುಬಿಟ್ಟರು.

ಸುತ್ತೋಲೆಯನ್ನು ಓದದೆಯೇ ಪಾಲಿಸಿದ ಅವರ ಶಿಸ್ತನ್ನು ಸಮಿತಿಯು ಮೆಚ್ಚಿ, ಎಲ್ಲ ವಿಭಾಗಗಳಿಗೂ ಮಾದರಿಯೆಂದು ನಡಾವಳಿಯಲ್ಲಿ ದಾಖಲಿಸಲು ಸೂಚಿಸಿತು. ನಾನೇ ದಾಖಲಿಸಿದೆ. ನಿಯಮವಿರುವುದರಿಂದ ಹೆಸರು ಬರೆಯಲಿಲ್ಲ.