ಹಕ್ಕಿ ಬಂದಾವೇನ್ರಿ?

ನಮ್ಮ ಕಡೆಯ ಜನಕ್ಕೆ ಬಾರದ ವಿದ್ಯೆ ಒಂದೇ, ‘ಇಲ್ಲ’ ಎನ್ನುವುದು. ಅಂಗಡಿಯಲ್ಲಿ ರವೆ ಇದೆಯೇ ಎಂದು ಕೇಳಿ. ಡಬ್ಬಿಯ ತಳ ಕಾಣುತ್ತಿದ್ದರೂ ಅಂಗಡಿಯವನು ‘ಬರ್ತದ್ರಿ’ ಎನ್ನುತ್ತಾನೆ. ಕೊನೆಯ ಬಸ್ಸು ಧೂಳೆಬ್ಬಿಸಿ ಹೋಗಿದ್ದರೂ ಕಟ್ಟೆಯ ಮೇಲೆ ಕುಳಿತವರು ‘ಇನ್ನೊಂದು ಬರ್ತದ, ಕುಂಡ್ರರಿ’ ಎನ್ನುತ್ತಾರೆ. ಅದು ನಾಳಿನದು ಎಂಬುದನ್ನು ನಾವೇ ಸಾವಕಾಶವಾಗಿ ತಿಳಿದುಕೊಳ್ಳಬೇಕು. ನನ್ನ ಮನೆಯಲ್ಲೇ ನೋಡಿ, ಅಕ್ಕಿ ತೀರಿದರೆ ತೀರಿತು ಎನ್ನುವಂತಿಲ್ಲ. ‘ಅಕ್ಕಿ ಹೆಚ್ಚಾಗೇತಿ’ ಎಂದು ನನ್ನ ಹೆಂಡತಿ ಪಾರ್ವತಿ ಬರಿದಾದ ಡಬ್ಬಿಯನ್ನು ತಂದು ನನ್ನ ಮುಂದೆ ಇಡುತ್ತಾಳೆ. ನನ್ನನ್ನು ಬೆಳೆಸಿದ ಅಜ್ಜಿಯಂತೂ, ಬಾಗಿಲಿಗೆ ಬಂದವರಿಗೆ ನಾನು ಅಪ್ಪಿತಪ್ಪಿ ‘ಇಲ್ಲ’ ಅಂದರೆ, ‘ಆ ಬಾಯಿಲೆ ಉಣಬ್ಯಾಡ, ಹೋಗಿ ಮುಕ್ಕಳಿಸು’ ಎಂದು ಬಚ್ಚಲಿಗೆ ಅಟ್ಟುತ್ತಿದ್ದಳು. ಇಷ್ಟು ಮೆತ್ತನೆಯ ನಾಡಿನಲ್ಲಿ ಕುಳಿತು, ಕಂಡದ್ದನ್ನು ಕಂಡಂತೆ ವರದಿ ಮಾಡುತ್ತೇನೆಂದು ಒಪ್ಪಿಕೊಂಡೆನಲ್ಲ, ಅಲ್ಲಿಂದ ಶುರುವಾಯಿತು ನನ್ನ ಫಜೀತಿ.

ಆಗ, ಎಪ್ಪತ್ತರ ದಶಕದ ಮೊದಮೊದಲಲ್ಲಿ, ನಾನು ಗುಡಗೇರಿ ಸ್ಟೇಶನ್ನಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರನಾಗಿದ್ದೆ. ಧಾರವಾಡದಲ್ಲಿ ಹಕ್ಕಿಗಳನ್ನು ನೋಡುವ ಹವ್ಯಾಸದ ನಾಲ್ಕಾರು ಜನ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದರು. ಪರದೇಶದಿಂದ ವಲಸೆ ಬರುವ ಹಕ್ಕಿಗಳು ಯಾವ ಊರಿಗೆ ಯಾವತ್ತು ಬಂದವು, ಮೊದಲು ಕಂಡವರು ತಿಳಿಸಿರಿ ಎಂದು ಅವರು ಹಳ್ಳಿಯ ಮಾಸ್ತರರಿಗೆಲ್ಲ ಕಾರ್ಡು ಬರೆದರು. ಪಗಾರಿಲ್ಲದ ಕೆಲಸ. ಆದರೂ ನಾನು ಕೂಡಲೇ ಒಪ್ಪಿದೆ. ಅಲ್ಲಿಯವರೆಗೆ ಸರಕಾರ ನನ್ನಿಂದ ಜನಗಳ ಎಣಿಕೆ ಮಾಡಿಸಿತ್ತು, ದನಗಳ ಎಣಿಕೆ ಮಾಡಿಸಿತ್ತು. ಜನ ತಮ್ಮ ರೇಶನ್ ಕಾರ್ಡಿನ ಗೋಳು ಹೇಳುತ್ತಿದ್ದರು, ದನಗಳು ಹಾಯುತ್ತಿದ್ದವು. ಹಕ್ಕಿಗಳಿಂದ ಆ ಎರಡೂ ತಾಪತ್ರಯವಿಲ್ಲ ಎಂಬುದು ನನ್ನ ಲೆಕ್ಕ.

ನಮ್ಮ ಪಾಲಿಗೆ ಬಂದದ್ದು ಗುಲಾಬಿ ಮೈನಾ. ತಲೆ ಕಪ್ಪು, ಮೈ ಗುಲಾಬಿ. ಚಳಿ ಮುರಿದು ಮುತ್ತಲ ಗಿಡ ಕೆಂಪಾಗಿ, ಹೊಲದಲ್ಲಿ ಜೋಳದ ಕಾಳು ಬಲಿಯುವ ಹೊತ್ತಿಗೆ ಮೋಡ ಇಳಿದಂತೆ ಇಳಿಯುತ್ತವೆ. ನಮ್ಮ ರೈತರು ಜೋಳದ ಹಕ್ಕಿ ಎಂದು ಕರೆದು, ಡಬ್ಬಿ ಬಡಿದು ಸ್ವಾಗತಿಸುತ್ತಾರೆ. ಅವು ಬರುವ ಸೀಸನ್ನಿಗೆ ಮುಂಚೆಯೇ ನಾನು ಕತ್ತು ಮೇಲೆತ್ತಿ ನಡೆಯತೊಡಗಿದೆ. ಪರಿಣಾಮವಾಗಿ ಒಂದು ದಿನ ಪಾರ್ವತಿ ಒಣಹಾಕಿದ್ದ ಶಾಂಡಿಗೆಯ ಮೇಲೆ ಹಾದುಹೋದೆ. ‘ನೀವು ಮ್ಯಾಲ ನೋಡ್ಕೋತ ಹೊಂಟ್ರ ಕೆಳಗಿಂದು ಯಾರ ನೋಡಬೇಕ್ರಿ? ಅದಕ್ಕೂ ಒಂದು ಕಾರ್ಡು ಬರೀರಿ ಧಾರವಾಡಕ್ಕ’ ಅಂದಳು.

ಒಬ್ಬನೇ ಅಷ್ಟು ದೊಡ್ಡ ಆಕಾಶವನ್ನು ಕಾಯುವುದು ಸಾಧ್ಯವಿಲ್ಲವೆಂದು ನಾನೂ ಇಬ್ಬರು ಸ್ವಯಂಸೇವಕರನ್ನು ಹಚ್ಚಿದೆ. ಒಬ್ಬರು ಚನ್ನಬಸಪ್ಪ ಕಾಕಾ. ಹಳ್ಳದ ಬಾಜು ಅವರ ಜೋಳದ ಹೊಲ. ಇನ್ನೊಬ್ಬರು ಊರ ಅಗಸಿಬಾಗಿಲ ಹತ್ತಿರ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದ ಮೆಹಬೂಬಸಾಬರು. ಅವರ ಬಾಗಿಲಿಂದ ಸ್ಟೇಶನ್ನಿನ ತನಕ ಬಯಲೇ ಬಯಲು. ದಿನಾ ಸಾಲಿ ಬಿಟ್ಟ ಕೂಡಲೇ ಹೋಗಿ ಕೇಳುತ್ತಿದ್ದೆ, ‘ಹಕ್ಕಿ ಬಂದಾವೇನ್ರಿ?’ ಮೊದಮೊದಲು ‘ಬರ್ತಾವ್ರಿ’ ಎಂದರು. ಆಮೇಲೆ ‘ಬರೂ ಹಂಗ ಕಾಣಸ್ತದ್ರಿ’ ಎಂದರು. ಒಂದು ಸಂಜೆ ಕಾಕಾ ನನ್ನನ್ನು ದೂರದಿಂದ ಕಂಡು ತಾವೇ ಕೂಗಿದರು, ‘ಬಂದಾವ್ರಿ ಮಾಸ್ತರ್ರ!’

ನಾನು ಮಾಸ್ತರ. ಕೇಳದೆ ಬಿಟ್ಟೇನೆಯೇ? ‘ತಲಿ ಕರಗ ಇತ್ತೇನ್ರಿ?’ ‘ಅಗದಿ ಕರಗ್ರಿ.’ ‘ಮೈ ಗುಲಾಬಿ?’ ‘ಗುಲಾಬೀರಿ.’ ‘ಹಿಂಡು ದೊಡ್ಡದಿತ್ತೇನ?’ ‘ದೊಡ್ಡದ್ರಿ.’ ಮೆಹಬೂಬಸಾಬರನ್ನು ಕೇಳಿದರೆ ಸೂಜಿಯಿಂದ ಕಣ್ಣೆತ್ತದೆ ‘ನಾನೂ ನೋಡೇನ್ರಿ’ ಅಂದರು. ಎರಡು ಸಾಕ್ಷಿ! ಸೊಂಡಿಲು ಇತ್ತೇ ಎಂದು ನಾನು ಕೇಳಿದ್ದರೆ ‘ಸಣ್ಣದೊಂದು ಇತ್ರಿ’ ಎನ್ನುತ್ತಿದ್ದರೆಂಬುದು ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ. ಅವತ್ತೇ ಧಾರವಾಡಕ್ಕೆ ಕಾರ್ಡು ಹಾಕಿದೆ.

ಮರುಟಪಾಲಿನಲ್ಲಿ ಬಳಗದ ಕಾರ್ಯದರ್ಶಿಗಳ ಉತ್ತರ ಬಂತು. ಈ ಸೀಮೆಯಲ್ಲಿ ಇಷ್ಟು ಬೇಗ ಯಾರೂ ಈ ಹಕ್ಕಿಯನ್ನು ಕಂಡಿಲ್ಲ, ನಿಮ್ಮ ವರದಿ ಅಮೂಲ್ಯ, ರವಿವಾರ ಮುಂಜಾನೆಯ ಗಾಡಿಗೆ ನಾನೇ ಬರುತ್ತೇನೆ, ಹಿಂಡು ತೋರಿಸಿರಿ. ಅದನ್ನು ಓದಿ ಉಬ್ಬಿಹೋದ ನಾನು ಕಾಕಾನ ಹೊಲಕ್ಕೆ ಓಡಿದೆ. ‘ಕಾಕಾರ, ಹಕ್ಕಿ ನೋಡಿದ ಜಾಗಾ ತೋರಸ್ರಿ!’

ಕಾಕಾ ರುಮಾಲು ತೆಗೆದು ತಲೆ ಕೆರೆದುಕೊಂಡರು. ‘ನೋಡಿದ್ದು ಅಂದ್ರ... ನಾ ನೋಡಿದ್ದು ನಿಮ್ಮ ಬಾಡಿದ ಮಾರೀರಿ ಮಾಸ್ತರ್ರ. ಸಾಲಿ ಬಿಟ್ಟು, ಹಸಕೊಂಡು, ದಿನಾ ಬಂದು ಕೇಳ್ತಿದ್ರಿ. ಎಷ್ಟ ದಿನಾ ಅಂತ ನಿಮಗ ಬ್ಯಾಸರಾ ಮಾಡೂದು?’

ಮೆಹಬೂಬಸಾಬರ ನ್ಯಾಯ ಇನ್ನೂ ಸೂಕ್ಷ್ಮವಾಗಿತ್ತು. ‘ಕಾಕಾರು ಬಂದಾವ ಅಂದಮ್ಯಾಲ ನಾ ಬಂದಿಲ್ಲ ಅಂದ್ರ ಹಿರೇರ ಮಾತು ಕೆಳಗ ಬೀಳ್ತದಲ್ರಿ?’

ಸುಳ್ಳು ಹೇಳಿದ ಹುಡುಗರ ಅಂಗೈಗೆ ಛಡಿ ಕೊಡುವವನು ನಾನು. ಇನ್ನು ಆ ಊರಿನ ಮಾಸ್ತರನಿಗೆ ಇಲ್ಲದ ಹಕ್ಕಿ ಕಾಣುತ್ತವೆ ಎಂದು ಧಾರವಾಡವೆಲ್ಲ ಆಡಿಕೊಳ್ಳುವುದು. ಬರಬೇಡಿರಿ ಎಂದು ಬರೆಯೋಣವೆಂದರೆ, ಬರುತ್ತೇನೆ ಎಂದವರಿಗೆ ಹಾಗೆ ಬರೆದವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ನಾನು ಬದುವಿನ ಮೇಲೆ ಕುಳಿತುಬಿಟ್ಟದ್ದನ್ನು ಕಂಡು ಕಾಕಾ ಹಕ್ಕಿ ಕಾಯುವ ಅಟ್ಟದ ಮೇಲಿದ್ದ ಆಳಿಗೆ ಕೂಗಿ ಹೇಳಿದರು, ‘ಲೇ, ಡಬ್ಬಿ ಬಡಿಯೂದು ನಿಂದರಸು! ಕವಣಿ ಇಳಸು! ರವಿವಾರ ಮಟ ಯಾವ ಹಕ್ಕೀನೂ ಓಡಸಬ್ಯಾಡ. ತಿಂದ್ರ ತಿನ್ನಲಿ. ಮಾಸ್ತರ್ರ ಮಾತು ಉಳೀಬೇಕು.’ ನನಗೆ ಬಹಳ ಸಂತೋಷವಾಯಿತು. ಊರಿನ ಗುಬ್ಬಿಗಳಿಗೆ ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ರವಿವಾರ ಕಾರ್ಯದರ್ಶಿಗಳು ಇಳಿದರು. ನೆತ್ತಿಯ ಮೇಲೆ ಹ್ಯಾಟು, ಕೊರಳಲ್ಲಿ ದುರ್ಬೀನು, ಮುಖದಲ್ಲಿ ಮಗುವಿನ ಆಸೆ. ದಾರಿಯುದ್ದಕ್ಕೂ ಊರಿನವರು ನನ್ನ ಮಾನ ಕಾಯಲು ನಿಂತಿದ್ದರು. ಒಂದು ಮನೆಯಲ್ಲಿ ಚಹಾ, ಇನ್ನೊಂದರಲ್ಲಿ ಅವಲಕ್ಕಿ. ಕೇಳದಿದ್ದರೂ ಎಲ್ಲರೂ ‘ಹಕ್ಕಿ ಬಂದಾವ್ರಿ ಸಾಹೇಬ್ರ’ ಎಂದರು. ನಮ್ಮ ಮನೆಯಲ್ಲಿ ಪಾರ್ವತಿ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತ, ಅವರು ಸಾಕೆಂದಷ್ಟೂ ಹಾಕಿದಳು. ಅವರಿಂದ ಏಳಲಾಗಬಾರದು ಎಂಬುದು ಅವಳ ಹಂಚಿಕೆ. ಆದರೂ ಎದ್ದರು. ಹೊಲಕ್ಕೆ ಹೋದರೆ, ಗುಬ್ಬಿ, ಗಿಳಿ, ಕಾಗೆ, ನಮ್ಮೂರಿನ ಸಮಸ್ತ ಬಂಧುಬಳಗ ಅಲ್ಲಿ ನೆರೆದಿತ್ತು. ಗುಲಾಬಿ ಮೈಯದು ಒಂದೂ ಇರಲಿಲ್ಲ.

ಕಾರ್ಯದರ್ಶಿಗಳು ದುರ್ಬೀನನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿದರು. ‘ಎಲ್ಲಿ?’

‘ಈಗ ಇಲ್ಲೇ ಇದ್ವುರಿ,’ ಅಂದರು ಕಾಕಾ. ‘ನೀರು ಕುಡ್ಯಾಕ ಹೋಗಿರಬೇಕು.’

‘ರವಿವಾರಲ್ರಿ,’ ಅಂದರು ಮೆಹಬೂಬಸಾಬರು, ‘ಸಂತೀಗಿಂತೀಗೆ ಹೋಗಿದ್ರೂ ಹೋಗಿರಬೇಕು.’

ಕಾಕಾನ ತೆನೆಗಳು ಅರ್ಧ ಬೋಳಾಗಿದ್ದವು. ಆ ಬೋಳು ತೆನೆಗಳನ್ನು ನೋಡಿ ನನಗೆ ತಡೆಯಲಾಗಲಿಲ್ಲ. ‘ಇಲ್ರಿ,’ ಎಂದೆ. ‘ಬಂದಿಲ್ರಿ. ನಾವು ಯಾರೂ ನೋಡಿಲ್ಲ.’

ಶುಭಕಾರ್ಯದಲ್ಲಿ ಯಾರೋ ಸೀನಿದಂತೆ ಕಾಕಾ ನನ್ನ ಕಡೆ ನೋಡಿದರು. ಕಾರ್ಯದರ್ಶಿಗಳು ದುರ್ಬೀನು ಇಳಿಸಿ, ಹೊಟ್ಟೆ ಕುಣಿಯುವಂತೆ ನಕ್ಕರು. ‘ನಾನೂ ನವಲಗುಂದದ ಕಡೆಯವನ ಅದೀನ್ರಿ ಮಾಸ್ತರ್ರ. ನಿಮ್ಮ ಕಾರ್ಡು ಓದಿದಾಗನ ಸಂಶೇ ಬಂದಿತ್ತು. ಆದ್ರ ಸೀತನಿ ತಿಂದು ಭಾಳ ವರ್ಷ ಆಗಿದ್ವು. ಹಕ್ಕಿ ಇಲ್ದಿದ್ರ ಸೀತನಿಯಾದ್ರೂ ಇರ್ತದ ಅಂತ ಬಂದೆ. ಅದಾದ್ರೂ ಅದನೋ ಇಲ್ಲೋ?’ ಕಾಕಾನ ಮುಖ ಅರಳಿತು. ಆ ಪ್ರಶ್ನೆಗೆ ಅವರಲ್ಲಿ ನಿಜವಾದ ಉತ್ತರವೇ ಇತ್ತು. ಗುಬ್ಬಿ ಬಿಟ್ಟ ಎಳೆ ತೆನೆಗಳನ್ನು ಸುಟ್ಟು, ಬಡಿದು, ಬಿಸಿ ಕಾಳಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ನಾವೆಲ್ಲ ಹೊತ್ತು ಇಳಿಯುವ ತನಕ ತಿಂದೆವು. ‘ಇಲ್ಲ ಅಂತ ಬರಿಯೋ ಮಂದೀನ ನನಗ ಬೇಕ್ರಿ,’ ಎಂದು ಅವರು ನನ್ನ ಬೆನ್ನು ತಟ್ಟಿದರು. ‘ಬಿಡಬ್ಯಾಡ್ರಿ, ನೋಡ್ತಾ ಇರ್ರಿ.’ ನನ್ನ ಮಾತು ಉಳಿದಿತ್ತು, ಕಾರ್ಡಿನಲ್ಲಿ ಬರೆದ ಮಾತಲ್ಲ, ಹೊಲದಲ್ಲಿ ಅಂದ ‘ಇಲ್ರಿ’.

ಸಂಜೆಯ ಗಾಡಿಗೆ ಕಾಕಾ ಮತ್ತು ನಾನು ಕಳಿಸಲು ಹೋದೆವು. ಇಂಜಿನ್ನು ಉಗಿಯುಗುಳಿ, ಶಿಳ್ಳೆ ಹಾಕಿ ಹೊರಟಿತು. ಕಾರ್ಯದರ್ಶಿಗಳು ಬಾಗಿಲಲ್ಲಿ ಬಗ್ಗಿ ನಿಂತು, ಹ್ಯಾಟು ಬೀಸುತ್ತ, ಏನೋ ಕೂಗುತ್ತ, ನಮ್ಮ ತಲೆಯ ಮೇಲುಗಡೆಗೆ ಕೈ ಮಾಡಿ ಕುಣಿಯತೊಡಗಿದರು. ಗದ್ದಲದಲ್ಲಿ ಒಂದೂ ಕೇಳಿಸಲಿಲ್ಲ. ‘ಎಂಥಾ ಅಂತಃಕರಣ ನೋಡ್ರಿ ಸಾಹೇಬ್ರದು,’ ಅಂದರು ಕಾಕಾ ಕಣ್ಣೊರೆಸಿಕೊಂಡು. ನಾನೂ ಎರಡೂ ಕೈ ಎತ್ತಿ, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಮನಸಾರೆ ಬೀಸಿದೆ.

ಮರುದಿನ ಮುಂಜಾನೆ ಹೊಲದ ಕಡೆಯಿಂದ ಡಬ್ಬಿಯ ಸಪ್ಪಳ ಕೇಳಿ ಓಡಿದರೆ, ಕಾಕಾನ ಜೋಳದ ಮೇಲೆ ಗುಲಾಬಿ ಮೋಡವೊಂದು ಏಳುತ್ತಿತ್ತು, ಇಳಿಯುತ್ತಿತ್ತು. ‘ಬಂದಾವ್ರೀ!’ ಎಂದು ಕಾಕಾ ಬೈಯುತ್ತ ಕೂಗಿದರು. ನಾನು ಕಾರ್ಡು ತರಲು ಮನೆಗೆ ಬರುವಷ್ಟರಲ್ಲಿ ಕಾಡಿದ್ದು ಒಂದೇ ಸಂಗತಿ: ಅವು ಎಂದು ಬಂದವು? ಉತ್ತರ ಆ ವಾರವೇ ಧಾರವಾಡದಿಂದ ಬಂತು. ‘ನಿನ್ನೆ ಸಂಜೆ ಸ್ಟೇಶನ್ನಿನಲ್ಲಿ ನಿಮ್ಮ ಬೆನ್ನ ಹಿಂದಿನಿಂದ ಎದ್ದ ಹಿಂಡು ಎಂಥ ಸೊಗಸು! ನಾನು ತೋರಿಸಿದ ಕೂಡಲೇ ನೀವು ಎರಡೂ ಕೈ ಎತ್ತಿ ಸ್ವಾಗತಿಸಿದ್ದನ್ನು ಕಂಡು ಹೃದಯ ತುಂಬಿತು. ಮೊದಲು ಕಂಡವರೆಂದು ನಮ್ಮಿಬ್ಬರ ಹೆಸರನ್ನೂ ಹಾಕುತ್ತಿದ್ದೇನೆ. ನಿಮಗೂ ಚೆನ್ನಾಗಿ ಕಂಡವಲ್ಲವೇ?’

ಕಾರ್ಡನ್ನು ಇನ್ನೊಂದು ಸಲ ಓದಿದೆ. ಜೀವಮಾನದಲ್ಲಿ ಒಂದು ಸಲ ‘ಇಲ್ಲ’ ಎಂದು ಆಗಿತ್ತು, ಬಾಯಿಯನ್ನೂ ಮುಕ್ಕಳಿಸಿಯಾಗಿತ್ತು. ಪಾಪ, ಅಷ್ಟು ಪ್ರೀತಿಯಿಂದ ಕೇಳಿದ್ದಾರೆ. ಪೆನ್ನು ತೆಗೆದು ಬರೆದೆ: ‘ಅಗದಿ ಚೊಲೊ ಕಂಡುವ್ರಿ.’