ಸತ್ತ ಮೀನಿನ ತೂಕ

ಗೆದ್ದಲು ಮೇಷ್ಟ್ರ ಆ ದಿನದ ಕಷ್ಟ ಶುರುವಾದದ್ದು ಬೇರೊಬ್ಬರ ಹಲ್ಲುನೋವಿನಿಂದ. ಹೊಸದಾಗಿ ಸೇರಿದ ಸಂಶೋಧಕರಿಗೆ ಪ್ರಾಮಾಣಿಕತೆಯ ಪಾಠ ಹೇಳಬೇಕಿದ್ದ ಹಿರಿಯ ಪ್ರಾಧ್ಯಾಪಕರ ದವಡೆ ಬೆಳಗಾಗುವಷ್ಟರಲ್ಲಿ ಚೆಂಡಿನಂತೆ ಊದಿಕೊಂಡಿತ್ತು. ಸಂಸ್ಥೆಯ ಮುಖ್ಯಸ್ಥರು ಬದಲಿ ಹುಡುಕುತ್ತಾ ಬಂದಾಗ ಕಾರಿಡಾರಿನಲ್ಲಿ ಸಿಕ್ಕಿದವರು ಇವರೊಬ್ಬರೇ.

ಗೆದ್ದಲಿನ ಮೇಲೆ ಸಂಶೋಧನೆ ಮಾಡಿ ಮಾಡಿ ಆ ಹೆಸರು ಅಂಟಿಕೊಂಡಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅದರ ಫೈಲು ಮುಖ್ಯಸ್ಥರ ಮೇಜಿನ ಮೇಲೆ ಬಹುಕಾಲದಿಂದ ಮಲಗಿತ್ತು. ಹಾಗಾಗಿ ಮೇಷ್ಟ್ರು ಆಗಲಿ ಸಾರ್ ಎಂದು ತಲೆಯಾಡಿಸಿ ತರಗತಿಗೆ ಹೋದರು.

ಅಂಕಿಅಂಶ ತಿರುಚಬಾರದು, ಇನ್ನೊಬ್ಬರ ಬರಹ ಕದಿಯಬಾರದು ಎನ್ನುವಷ್ಟರಲ್ಲಿ ಅವರ ಸರಕು ಮುಗಿಯಿತು. ಗಡಿಯಾರದ ಮುಳ್ಳು ಮಾತ್ರ ಮುನಿಸಿಕೊಂಡಂತೆ ನಿಂತಲ್ಲೇ ನಿಂತಿತ್ತು. ಹುಡುಗರ ತಲೆಗಳು ಒಂದೊಂದಾಗಿ ತೂಗತೊಡಗಿದವು. ಒಂದು ಉದಾಹರಣೆ ಬೇಕಿತ್ತು, ಇರಲಿಲ್ಲ. ಮೇಷ್ಟ್ರು ಅಲ್ಲೇ ಒಂದನ್ನು ಕಟ್ಟಿದರು.

ಗೆದ್ದಲು ಎಂದರೆ ತಮ್ಮ ಮೇಲೇ ಬರುತ್ತದೆಂದು ಮೀನನ್ನು ಆರಿಸಿಕೊಂಡರು. ತಮ್ಮ ಗೆಳೆಯನೊಬ್ಬ ಹೊಸ ಆಹಾರ ಹಾಕಿ ಮೀನು ಸಾಕುತ್ತಿದ್ದ. ತೊಟ್ಟಿಗೆ ಗಾಳಿ ಊದುವ ಪಂಪು ಕೆಟ್ಟು ಅಷ್ಟೂ ಮೀನು ಸತ್ತವು. ಅವನು ಯಾರಿಗೂ ಕಾಣದಂತೆ ಅವನ್ನು ನೀರಿನ ಟ್ಯಾಂಕಿನ ಪಕ್ಕ ಹೂತು, ಮಾರನೆಯ ದಿನವೂ ಏನೂ ಆಗದವನಂತೆ ತೂಕ ಬರೆದ. ಸತ್ತ ಮೀನುಗಳು ದಿನದಿನಕ್ಕೂ ದಪ್ಪಗಾದವು. ಪ್ರಬಂಧಕ್ಕೆ ಹೊಗಳಿಕೆ ಬಂತು. ಗೆಳೆಯನಿಗೆ ಅಂದಿನಿಂದ ನೆಮ್ಮದಿಯ ನಿದ್ದೆಯಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳು.

ಆ ಹುಡುಗಿ ಸಸ್ಯಶಾಸ್ತ್ರದ ಮೇಡಂ ಅವರ ತಂಗಿಯ ಮಗಳು. ಮಧ್ಯಾಹ್ನ ಮೇಡಂ ಮೇಷ್ಟ್ರ ಮೇಜಿಗೇ ಕುರ್ಚಿ ಎಳೆದುಕೊಂಡು ಕೂತರು.

"ಗೆಳೆಯ ಅಂತ ಹೇಳೋರೆಲ್ಲ ತಮ್ಮ ವಿಷಯಾನೇ ಹೇಳೋದು. ಮನಸ್ಸು ಹಗುರ ಆಯ್ತಲ್ಲ, ಬಿಡಿ."

ಅದು ತಾನಲ್ಲ ಎಂದರು ಮೇಷ್ಟ್ರು. ಹಾಗಾದರೆ ಗೆಳೆಯನ ಹೆಸರೇನು ಎಂದರು ಮೇಡಂ. ಇಲ್ಲದ ಗೆಳೆಯನಿಗೆ ಹೆಸರು ಎಲ್ಲಿಂದ ತರುವುದು? ಮೇಷ್ಟ್ರು ದಡಕ್ಕೆ ಬಿದ್ದ ಮೀನಿನಂತೆ ಬಾಯಿ ತೆರೆದು ಮುಚ್ಚಿದರು. ಮೇಡಂಗೆ ಅಷ್ಟು ಸಾಕಾಯಿತು.

ಕ್ಯಾಂಟೀನಿಗೆ ಹೋದರೆ ಮಾತು ನಿಂತಿತು. ಪರಿಚಯವಿಲ್ಲದವರೂ ಬಂದು ಹೆಗಲು ತಟ್ಟಿದರು. ಅಷ್ಟರಲ್ಲಿ ಹೆಂಡತಿಯ ಫೋನು. ಮೇಡಂ ಆಗಲೇ ಅವಳಿಗೂ ಸಮಾಧಾನ ಹೇಳಿ ಆಗಿತ್ತು.

"ಮೀನು ಯಾವಾಗ ಸಾಕಿದ್ರಿ ನೀವು? ನನಗೆ ಒಂದು ಮಾತೂ ಹೇಳಲಿಲ್ಲವಲ್ಲ," ಎಂದು ಅವಳು ಬಿಕ್ಕಿದಳು. ವಿಷಯ ಅತ್ತೆಯ ಕಿವಿಗೂ ಬಿದ್ದಿತ್ತು. ಅಳಿಯನ ಮುಖ ನೋಡಿದಾಗಲೇ ತಮಗೆ ಅನುಮಾನ ಬಂದಿತ್ತು ಎಂದರಂತೆ ಅವರು.

ಮಧ್ಯಾಹ್ನದ ನಂತರ ಮುಖ್ಯಸ್ಥರು ತರಾತುರಿಯಲ್ಲಿ ಸಮಿತಿ ಕರೆದರು. ಮೇಡಂ ಕೂಡ ಅದರಲ್ಲಿದ್ದರು. ಉದ್ದನೆಯ ಮೇಜಿನ ಕೊನೆಯಲ್ಲಿ ಮೇಷ್ಟ್ರನ್ನು ಕೂರಿಸಿದರು. ಒಪ್ಪಿಕೊಂಡರೆ ಮಾಡದ ಮೋಸ ತಲೆಗೆ ಕಟ್ಟಿಕೊಂಡಂತೆ. ಒಪ್ಪದಿದ್ದರೆ ಮೋಸ ಮಾಡಬೇಡಿ ಎಂಬ ಪಾಠದಲ್ಲೇ ಸುಳ್ಳು ಹೇಳಿದಂತೆ. ಮೇಷ್ಟ್ರು ಬೆವರೊರೆಸಿಕೊಂಡು ನಿಜ ಹೇಳಿದರು.

"ಅಂಥ ಗೆಳೆಯ ಯಾರೂ ಇಲ್ಲ. ಮೀನೂ ಇಲ್ಲ. ಪಾಠ ಸಪ್ಪೆ ಆಗ್ತಿತ್ತು, ನಾನೇ ಕಟ್ಟಿದ ಕತೆ."

ಒಬ್ಬರು ಕೆಮ್ಮಿ ನಗು ನುಂಗಿದರು. ಎಚ್ಚರಿಕೆ ಕೊಟ್ಟು ಬಿಡೋಣ ಎಂದರು ಇನ್ನೊಬ್ಬರು. ಎಲ್ಲರೂ ಏಳುವಾಗ ಮೇಷ್ಟ್ರೂ ಎದ್ದರು. ನೀವು ಸ್ವಲ್ಪ ಇರಿ ಎಂದರು ಮುಖ್ಯಸ್ಥರು. ಉಳಿದವರು ಹೋದ ಮೇಲೆ ತಾವೇ ಬಾಗಿಲು ಹಾಕಿದರು. ಅವರ ಮುಖ ಬಿಳಿಚಿಕೊಂಡಿತ್ತು.

"ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಿಲ್ಲ ಸಾರ್. ನಾನೇ ಕಟ್ಟಿದ್ದು."

"ಪಂಪ್ ಕೆಟ್ಟಿದ್ದೂ ಕಟ್ಟಿದ್ರಾ? ಟ್ಯಾಂಕ್ ಪಕ್ಕ ಹೂತಿದ್ದೂ?" ಮುಖ್ಯಸ್ಥರು ಕುರ್ಚಿಯಲ್ಲಿ ಕುಸಿದರು. "ಗೊದಮೊಟ್ಟೆನ ಮೀನು ಅಂತ ಮಾಡಿ ನನ್ನ ಮರ್ಯಾದೆ ಉಳಿಸಿದ್ರಿ. ಅಷ್ಟು ಅರ್ಥ ಆಗುತ್ತೆ ನನಗೆ."

ಮುಖ್ಯಸ್ಥರನ್ನು ಆ ಕುರ್ಚಿಗೆ ತಂದದ್ದೇ ಗೊದಮೊಟ್ಟೆಗಳ ಬೆಳವಣಿಗೆಯ ಕುರಿತ ಪ್ರಬಂಧ. ತನಗೇನೂ ಗೊತ್ತಿರಲಿಲ್ಲ ಎಂದು ಮೇಷ್ಟ್ರು ಆಣೆ ಹಾಕಿದಷ್ಟೂ ಮುಖ್ಯಸ್ಥರ ಭಯ ಬಲಿಯಿತು. ಕೊನೆಗೆ ಅವರು ಮೇಷ್ಟ್ರ ಫೈಲನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

"ಇದು ನನ್ನ ಹತ್ತಿರಾನೇ ಇರಲಿ. ನಿಮ್ಮ ಬಾಯಿ ಎಷ್ಟು ದಿನ ಮುಚ್ಚಿರುತ್ತೆ ಅಂತ ನೋಡೋಣ."

ಹೊರಗೆ ಆ ಹುಡುಗಿ ಕಾಯುತ್ತಾ ನಿಂತಿದ್ದಳು. ತನ್ನಿಂದ ಇಷ್ಟೆಲ್ಲ ಆಯಿತೆಂದು ಕ್ಷಮೆ ಕೇಳಿದಳು. ತನ್ನ ಪ್ರಯೋಗದ ಫಲಿತಾಂಶ ಕೆಟ್ಟಿತ್ತು, ತಿದ್ದಿಬಿಡಬೇಕೆಂದಿದ್ದಳಂತೆ. ಆ ಗೆಳೆಯನ ಪಾಡು ಕೇಳಿದ ಮೇಲೆ ಇದ್ದದ್ದನ್ನು ಇದ್ದ ಹಾಗೇ ಬಿಟ್ಟಿದ್ದಳಂತೆ.

"ಆದ್ರೆ ಅದೆಲ್ಲ ಸುಳ್ಳು ಅಂತ ದೊಡ್ಡಮ್ಮ ಹೇಳಿದ್ರು. ಹೌದಾ ಸಾರ್?"

ಬಾಗಿಲ ಹಿಂದೆ ಮುಖ್ಯಸ್ಥರ ಕೆಮ್ಮು ಕೇಳಿಸಿತು.

"ಹೌದಮ್ಮ," ಎಂದರು ಮೇಷ್ಟ್ರು. "ಸುಳ್ಳು."

ಮನೆಗೆ ಹೊರಟಿದ್ದ ಹುಡುಗಿ ಚೀಲದಿಂದ ಪೆನ್ನು ತೆಗೆದು, ಹಿಂದಿರುಗಿ ಪ್ರಯೋಗಾಲಯದ ಕಡೆಗೆ ನಡೆದಳು.