ಮುಯ್ಯಿಗೆ ಹೋದ ಮೋಡೆಮ್

ಮೇಘಶ್ರೀ: ಮೋಡೆಮ್ ಎಲ್ಲಿ ಅತ್ತೆ?

ಸುಬ್ಬಮ್ಮ: ಯಾವ್ದು?

ಮೇಘಶ್ರೀ: ಯಾವುದಾದ್ರೂ ಸರಿ. ಬೀರು ಮೇಲೆ ಮೂರಿತ್ತಲ್ಲ.

ಸುಬ್ಬಮ್ಮ: ಇತ್ತು.

ಆ 'ಇತ್ತು' ಕೇಳಿ ಮೇಘಶ್ರೀ ಗಡಿಯಾರ ನೋಡಿದಳು. ಗಂಟೆ ಹತ್ತೂಕಾಲು. ಹನ್ನೊಂದಕ್ಕೆ ಹಾಸನದ ಶಾಲೆಯ ಎಲ್‌ಕೆಜಿ ಅರ್ಜಿ ನೆಟ್ಟಿನಲ್ಲಿ ತೆರೆಯುತ್ತದೆ. ಮೊದಲು ಕಳಿಸಿದ ನಲವತ್ತು ಮಕ್ಕಳಿಗೆ ಸೀಟು. ಹೋದ ವರ್ಷ ಪ್ರೀ-ಕೆಜಿಗೆಂದು ಅವಳು ಫೋನು ಹಿಡಿದು ತಾರಸಿ ಹತ್ತಿದ್ದಳು. ಪರದೆಯ ಮೇಲೆ ಚಕ್ರ ತಿರುಗಿ ತಿರುಗಿ ನಿಲ್ಲುವಷ್ಟರಲ್ಲಿ ಸೀಟು ಮುಗಿದಿತ್ತು. ಅಂದಿನಿಂದ ಮಗಳು ನಿಸರ್ಗ ಸೀನಿದರೂ ಅವಳಿಗೆ ಆ ಸೀಟೇ ನೆನಪಾಗುತ್ತಿತ್ತು.

ಈ ವರ್ಷ ಶಾಂತಿಗ್ರಾಮಕ್ಕೆ ಬ್ರಾಡ್‌ಬ್ಯಾಂಡ್ ಬಂದಿತ್ತು. ಬಂದದ್ದು ಒಂದಲ್ಲ, ಮೂರು: ಮಿಂಚು ನೆಟ್, ಸಿಡಿಲು ನೆಟ್, ಗುಡುಗು ನೆಟ್. ನಾನು ಮುಂದು ತಾನು ಮುಂದು ಎಂದು ಮನೆಮನೆಗೂ ಪುಕ್ಕಟೆ ಮೋಡೆಮ್ ಹಂಚಿ ಹೋಗಿದ್ದರು. ತಂತಿ ಎಳೆಯಲು ಮಿಂಚಿನ ನಾಗೇಶ್ ಬಂದದ್ದು ಮಾತ್ರ ಇವತ್ತು. ಅವನು ತಂತಿಯ ತುದಿ ಹಿಡಿದು ಕಿಟಕಿಯ ಬಳಿ ಕುಕ್ಕರಗಾಲಲ್ಲಿ ಕೂತಿದ್ದ.

ಸುಬ್ಬಮ್ಮ: ಒಂದು ಲಕ್ಕಯ್ಯನ ಮನೆ ಗೃಹಪ್ರವೇಶಕ್ಕೆ ಮುಯ್ಯಿ ಮಾಡ್ದೆ. ಒಂದು ಮಂಚಯ್ಯನ ಮೊಮ್ಮಗೀನ ನಾಮಕರಣಕ್ಕೆ.

ಮೇಘಶ್ರೀ: ತೊಟ್ಟಿಲ ಕೂಸಿಗೆ ಮೋಡೆಮ್ಮಾ?

ಸುಬ್ಬಮ್ಮ: ಬೆಳೆಯಾಕಿಲ್ವಾ? ಎಲ್ರೂ ಸ್ಟೀಲ್ ಡಬ್ರಿನೇ ತತ್ತಾರೆ ಕಣವ್ವ. ಇನ್ನೊಂದು ಮಾಯಮ್ಮನ ಮಗಳು ಶೋಭಿತಾ ಸೀಮಂತಕ್ಕೆ ಕೊಟ್ಬುಟ್ಟೆ.

ಮೇಘಶ್ರೀ: ನಾಗೇಶ್, ನಿಮ್ಮ ಚೀಲದಲ್ಲಿ ಇನ್ನೊಂದಿಲ್ವಾ?

ನಾಗೇಶ್: ಒಸ ಗಿರಾಕಿಗೆ ಮಾತ್ರ ಕೊಡಾದು ಅಕ್ಕ. ನೀವು ಹಳೇ ಗಿರಾಕಿ.

ಮೇಘಶ್ರೀ: ಒಂದು ದಿನಾನೂ ನೆಟ್ ಬಂದಿಲ್ಲ, ಹಳೇ ಗಿರಾಕಿ ಹೇಗಾದೆ?

ನಾಗೇಶ್: ಡಬ್ಬ ಈಸ್ಕಂಡ ದಿನದಿಂದ. ಓಬಳೀಲಿ ನಮ್ದೇ ಇನ್ನೂರು ಮನೆ. ಸಿಡಿಲಿನೋರು ನೂರಾ ಎಂಬತ್ತು ಅಂತಾರೆ, ನಂಬಬ್ಯಾಡಿ.

ಮೇಘಶ್ರೀ: ಇನ್ನೂರರಲ್ಲಿ ಎಷ್ಟು ಕಡೆ ಓಡ್ತಿದೆ?

ನಾಗೇಶ್: ಏಳು. ಅದು ಬ್ಯಾರೆ ವಿಷ್ಯ. ಬೆಳವಣಿಗೆ ಅನ್ನದು ಹಂಚಿದ್ದರ ಮೇಲೆ.

ಮೇಘಶ್ರೀ: ನಿಮ್ಮ ಮನೇದನ್ನಾದ್ರೂ ತಂದುಕೊಡಿ. ಒಂದೇ ಗಂಟೆ.

ನಾಗೇಶ್: ನಮ್ಮನೇಲಿರಾದು ಸಿಡಿಲು. ಬಾಮೈದ ಅಲ್ಲೇ ಕೆಲ್ಸ ಮಾಡದು. ಈಸ್ಕಳ್ದಿದ್ರೆ ಎಂಡ್ತಿ ಊಟಕ್ಕಿಕ್ಕಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಮಾಯಮ್ಮ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಅರಿಶಿನ ಕುಂಕುಮ, ಎರಡು ಬಾಳೆಹಣ್ಣು, ಒಂದು ಡಬ್ಬ.

ಮಾಯಮ್ಮ: ನಿಸರ್ಗ ಇಸ್ಕೂಲು ಸೇರ್ತದಂತಲ್ಲ. ಮಗೀಗೆ ಏನಾರ ಕೊಡಾನ ಅಂತ ಬಂದೆ.

ಡಬ್ಬದಲ್ಲಿ ಮೋಡೆಮ್ ಇತ್ತು.

ಸುಬ್ಬಮ್ಮ: ಏನ್ ಮಾಯಮ್ಮ, ಇದು ನಾನು ಸೀಮಂತಕ್ಕೆ ಕೊಟ್ಟಿದ್ದಲ್ವಾ?

ಮಾಯಮ್ಮ: ಅದು ಆಗ್ಲೇ ಚಿಕ್ಕಯ್ಯನ ಮನೆ ಸೇರ್ತು. ಇದು ಲಕ್ಕಯ್ಯ ಕೊಟ್ಟಿದ್ದು.

ಸುಬ್ಬಮ್ಮ: ಲಕ್ಕಯ್ಯಂಗೆ ಕೊಟ್ಟಿದ್ದೂ ನಾನೇಯ.

ಮಾಯಮ್ಮ: ಅಂಗಾರೆ ಒಳ್ಳೇ ಮಾಲೇ ಬುಡು.

ಮೇಘಶ್ರೀ ಡಬ್ಬವನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. ಗಂಟೆ ಹತ್ತೂ ಮುಕ್ಕಾಲು.

ಮೇಘಶ್ರೀ: ಇದು ಗುಡುಗಿನವರದು. ನಿಮ್ಮ ತಂತಿಗೆ ಹೊಂದುತ್ತಾ?

ನಾಗೇಶ್ ಬೀದಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

ನಾಗೇಶ್: ಒಳಗೆಲ್ಲಾ ಒಂದೇ ಅಕ್ಕ. ಮೂರು ಕಂಪ್ನಿಗೂ ಒಂದೇ ಕಾರ್ಖಾನೆಯಿಂದ ಬತ್ತದೆ. ಮೇಲಿನ ಚೀಟಿ ಬ್ಯಾರೆ.

ಮೇಘಶ್ರೀ: ಮತ್ತೆ ನೀವೆಲ್ಲ ಬಡಿದಾಡೋದು ಯಾತಕ್ಕೆ?

ನಾಗೇಶ್: ಚೀಟಿಗೆ.

ಹತ್ತೂ ಐವತ್ತೆಂಟಕ್ಕೆ ಹಸಿರು ದೀಪ ಹತ್ತಿತು. ಮಗುವಿನ ಹೆಸರು, ತಂದೆಯ ಹೆಸರು, ರಕ್ತದ ಗುಂಪು ಎಲ್ಲವನ್ನೂ ಮೇಘಶ್ರೀ ಉಸಿರು ಬಿಗಿಹಿಡಿದು ತುಂಬಿದಳು. ಹನ್ನೊಂದೂ ನಾಲ್ಕಕ್ಕೆ ಉತ್ತರ ಬಂತು: 'ಅರ್ಜಿ ಸಂಖ್ಯೆ ಮೂವತ್ತೊಂಬತ್ತು. ಸೋಮವಾರ ಮಗುವಿನೊಂದಿಗೆ ಪ್ರಿನ್ಸಿಪಾಲರನ್ನು ಕಾಣತಕ್ಕದ್ದು. ಅನಂತರ ಸೀಟು ಖಾಯಂ.'

ಒಂದು ಉಸಿರು ಬಿಟ್ಟಳು. ಎರಡನೆಯದು ಅರ್ಧಕ್ಕೇ ನಿಂತಿತು.

ಮೇಘಶ್ರೀ: 'ಅನಂತರ' ಅಂತಿದೆ. ಅವತ್ತು ಇವಳು ಬಾಯೇ ಬಿಡದಿದ್ರೆ?

ಸುಬ್ಬಮ್ಮ: ಬರೀ ಕೈಲಿ ಓಗಬ್ಯಾಡಿ, ಅಷ್ಟೇಯ.

ಮೇಘಶ್ರೀ: ಅದು ಶಾಲೆ ಅತ್ತೆ. ಅಲ್ಲಿ ಹಾಗೆಲ್ಲ ನಡೆಯಲ್ಲ.

ಮಾಯಮ್ಮ: ನಮ್ಮಳಿಯ ಕೀರ್ತಿರಾಜು ಅದೇ ಇಸ್ಕೂಲ್ ಬಸ್ ಓಡ್ಸದು. ಪ್ರಿನ್ಸಿಪಾಲಮ್ಮ ಬೂವನಹಳ್ಳಿ ತಾವ ಒಸ ಮನೆ ಕಟ್ಟವ್ರಂತೆ. ಬರೋ ವಾರ ಮನೆ ಒಕ್ಕಲು. ಅಲ್ಲಿನ್ನೂ ನೆಟ್ಟೇ ಇಲ್ಲ ಅಂತ ಒದ್ದಾಡ್ತಾವ್ರಂತೆ.

ಮೇಘಶ್ರೀ ಹಸಿರು ದೀಪವನ್ನು ನೋಡಿದಳು. ಜಗುಲಿಯಲ್ಲಿ ಆಡುತ್ತಿದ್ದ ಮಗಳನ್ನು ನೋಡಿದಳು.

ಮೇಘಶ್ರೀ: ನಾಗೇಶ್, ಇದನ್ನ ಬಿಚ್ಚಿ, ಒರೆಸಿ, ಡಬ್ಬಕ್ಕೆ ಹಾಕಿದ್ರೆ ಹೊಸದರ ಥರಾನೇ ಕಾಣುತ್ತಾ?